ಒಟ್ಟೊರೀನೊ ರೆಸ್ಪೀಗಿ: ಪದೇ ಪದೇ ಕೇಳುವ ಪ್ರಶ್ನೆಗಳು

ರೆಸ್ಪೀಗಿಯ ಹೆಸರು ಎತ್ತಿದಾಗಲೆಲ್ಲ ನನಗೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವು ಮಾತಿನ ನಡುವೆ ಬಂದವು, ಕೆಲವನ್ನು ಬರೆದು ಕೇಳಿದರು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಪಾಶ್ಚಾತ್ಯ ಸಂಗೀತ ಹೊಸದು ಅನ್ನುವವರು ಮೊದಲಿನಿಂದ ಓದಿ. ಕೇಳಿ ಪಳಗಿದವರು ಸೀದಾ ಕೊನೆಯ ಭಾಗಕ್ಕೆ ಹೋದರೂ ನಷ್ಟವಿಲ್ಲ.

## ಮೊದಲ ಪರಿಚಯ

ಇವರು ಯಾರು? ಹೆಸರೇ ಕೇಳಿಲ್ವಲ್ಲ.

ಇಟಲಿಯ ಸಂಗೀತ ರಚನೆಕಾರರು. 1879ರ ಜುಲೈ 9ರಂದು ಬೊಲೊನ್ಯ ಊರಿನಲ್ಲಿ ಹುಟ್ಟಿದರು. 1936ರ ಏಪ್ರಿಲ್ 18ರಂದು ರೋಮ್‌ನಲ್ಲಿ ತೀರಿಕೊಂಡರು. ರೋಮ್ ನಗರದ ಕಾರಂಜಿ, ಪೈನ್ ಮರ, ಹಬ್ಬ ಇವುಗಳ ಮೇಲೆ ಬರೆದ ಮೂರು ಕೃತಿಗಳಿಂದ ಹೆಸರಾದವರು. ಪಿಟೀಲು, ಪಿಟೀಲಿನ ಜಾತಿಯದೇ ಆದ ವಿಯೋಲಾ, ಪಿಯಾನೊ ನುಡಿಸುತ್ತಿದ್ದರು, ಪಾಠ ಹೇಳುತ್ತಿದ್ದರು, ತಮ್ಮ ಕೃತಿಗಳನ್ನು ತಾವೇ ಕಂಡಕ್ಟ್ ಮಾಡುತ್ತ ಅಮೆರಿಕದವರೆಗೂ ತಿರುಗಿದರು. ನನ್ನನ್ನು ಕೇಳಿದರೆ ಇದರಲ್ಲೆಲ್ಲ ಮುಖ್ಯವಾದದ್ದು ಆ ವಿಯೋಲಾ. ಆರ್ಕೆಸ್ಟ್ರಾದ ಒಳಗೆ ಕೂತು ಕೇಳಿದವರು ಬರೆದ ಸಂಗೀತ ಇದು.

ಹೆಸರು ಹೇಗೆ ಹೇಳೋದು? ರೆಸ್ಪಿಜಿನಾ, ರೆಸ್ಪಿಘಿನಾ?

ಎರಡೂ ಅಲ್ಲ, ರೆಸ್ಪೀಗಿ. ‘ಸ್ಪೀ’ ಮೇಲೆ ಒತ್ತು. ಸ್ಪಾಗೆಟ್ಟಿಯಲ್ಲಿ ಬರುವ ‘ಗ’ಕಾರವೇ ಇಲ್ಲೂ.

ಇವರ ಸಂಗೀತ ನಮಗೆ ಗೊತ್ತಿಲ್ಲದೇ ಎಲ್ಲಾದರೂ ಕೇಳಿರಬಹುದಾ?

ಡಿಸ್ನಿಯ ‘ಫ್ಯಾಂಟೇಸಿಯಾ 2000’ ನೋಡಿದ್ದರೆ ಖಂಡಿತ ಕೇಳಿದ್ದೀರಿ. ಅದರಲ್ಲಿ ತಿಮಿಂಗಿಲಗಳು ನೀರು ಬಿಟ್ಟು ಆಕಾಶಕ್ಕೆ ಹಾರುತ್ತವಲ್ಲ, ಅಲ್ಲಿ ಕೇಳಿಸುವುದು ‘ರೋಮಿನ ಪೈನ್ ಮರಗಳು’. ಮರಕ್ಕೂ ತಿಮಿಂಗಿಲಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಆದರೆ ನೋಡಲು ಮಾತ್ರ ಸೊಗಸು.

ಆರ್ಕೆಸ್ಟ್ರಾ ಅಂದ್ರೆ ನಮ್ಮ ಗಣೇಶನ ಹಬ್ಬದ್ದಲ್ಲ ತಾನೇ? ಅದರಲ್ಲಿ ಕಂಡಕ್ಟರ್ ಕೋಲು ಬೀಸ್ತಾ ಏನು ಮಾಡ್ತಾರೆ?

ಅಲ್ಲ. ಪೆಂಡಾಲಿನ ಪಕ್ಕ ಕೀಬೋರ್ಡು ಇಟ್ಟು ಸಿನಿಮಾ ಹಾಡು ಹಾಡುವ ತಂಡವನ್ನು ನಾವು ಆರ್ಕೆಸ್ಟ್ರಾ ಅನ್ನುತ್ತೇವೆ. ಇಲ್ಲಿ ಹೇಳುತ್ತಿರುವುದು ಎಂಬತ್ತು, ನೂರು ಜನ ಕೂತು ನುಡಿಸುವ ದೊಡ್ಡ ವಾದ್ಯವೃಂದ. ಪಿಟೀಲು ಗುಂಪೇ ಅದರಲ್ಲಿ ಜಾಸ್ತಿ. ಜೊತೆಗೆ ಕೊಳಲು, ಕ್ಲಾರಿನೆಟ್, ತುತ್ತೂರಿಗಳು, ಡ್ರಮ್ಮುಗಳು.

ನಮ್ಮ ಕಛೇರಿಯಲ್ಲಿ ಹಾಡುವವರೇ ತೊಡೆ ತಟ್ಟಿ ತಾಳ ಹಾಕಿಕೊಳ್ಳುತ್ತಾರೆ. ಮೂರು ನಾಲ್ಕು ಜನ ಪಕ್ಕವಾದ್ಯದವರು ಅವರ ಮುಖ ನೋಡಿಕೊಂಡೇ ಸಾಗುತ್ತಾರೆ. ನೂರು ಜನರಿಗೆ ಅದು ಸಾಧ್ಯವಿಲ್ಲ ಅಲ್ವಾ? ಅದಕ್ಕೇ ಒಬ್ಬರು ಮುಂದೆ ನಿಲ್ಲುತ್ತಾರೆ. ಬಲಗೈಯಲ್ಲಿ ಕಾಲ, ಎಡಗೈಯಲ್ಲಿ ಭಾವ ಅಂತ ಸ್ಥೂಲವಾಗಿ ಹೇಳಬಹುದು. ಆದರೆ ಅವರ ನಿಜವಾದ ದುಡಿಮೆ ಕಛೇರಿಗೆ ಮೊದಲೇ, ಅಭ್ಯಾಸದಲ್ಲೇ ಮುಗಿದಿರುತ್ತದೆ. ಯಾರು ಎಷ್ಟು ಜೋರು, ಯಾರು ಯಾರ ಕೆಳಗೆ ಮುಚ್ಚಿಹೋಗಬಾರದು, ಎಲ್ಲ ಅಲ್ಲೇ ತೀರ್ಮಾನ.

ಎಲ್ಲಿಂದ ಶುರು ಮಾಡಲಿ?

‘ಪಕ್ಷಿಗಳು’ ಎಂಬ ಕೃತಿಯಿಂದ. 1928ರದ್ದು, ಇಪ್ಪತ್ತು ನಿಮಿಷದ ಆಸುಪಾಸು. ಪಾರಿವಾಳ, ಕೋಳಿ, ನೈಟಿಂಗೇಲ್, ಕೋಗಿಲೆ ಒಂದೊಂದಾಗಿ ಬರುತ್ತವೆ. ಕೋಳಿಯ ಭಾಗದಲ್ಲಿ ಪಿಟೀಲುಗಳು ಕೆದಕುವುದು, ಕೊಕ್ಕರಿಸುವುದು ಕೇಳಿದರೆ ಮಕ್ಕಳೂ ನಗುತ್ತಾರೆ. ರೋಮ್ ಕೃತಿಗಳಿಗೆ ಆಮೇಲೆ ಹೋಗಿ.

## ಬದುಕು

ಮನೆಯಲ್ಲಿ ಸಂಗೀತ ಇತ್ತಾ? ಚಿಕ್ಕ ವಯಸ್ಸಿಗೇ ದೊಡ್ಡ ಪ್ರತಿಭೆನಾ?

ಅಪ್ಪ ಜುಸೆಪ್ಪೆ ಪಿಯಾನೊ ಮೇಷ್ಟ್ರು, ಹಾಗಾಗಿ ಸಂಗೀತ ಮನೆಯಲ್ಲೇ ಇತ್ತು. ಹುಡುಗ ಮಾತ್ರ ಮೊಜಾರ್ಟ್ ಥರದ ಬಾಲಪ್ರತಿಭೆ ಅಲ್ಲ. ಪಿಟೀಲು ಪಾಠಕ್ಕೆ ಹಾಕಿದರು. ಒಂದು ದಿನ ತಪ್ಪು ನುಡಿಸಿದ್ದಕ್ಕೆ ಮೇಷ್ಟ್ರು ರೂಲರಿನಿಂದ ಕೈಗೆ ಹೊಡೆದರಂತೆ, ಹುಡುಗ ಪಾಠವನ್ನೇ ಬಿಟ್ಟ. ಸ್ವಲ್ಪ ತಾಳ್ಮೆಯ ಇನ್ನೊಬ್ಬ ಮೇಷ್ಟ್ರು ಸಿಕ್ಕಿದ ಮೇಲೆ ಮತ್ತೆ ಹಿಡಿದ. ಪಿಯಾನೊ ತಾನಾಗಿಯೇ ಕಲಿತದ್ದು. ಅಪ್ಪ ಒಂದು ದಿನ ಮನೆಗೆ ಬಂದರೆ ಮಗ ಕೂತು ಶೂಮನ್‌ನ ಕಷ್ಟದ ಕೃತಿಯೊಂದನ್ನು ನುಡಿಸುತ್ತಿದ್ದ ಅಂತ ಒಂದು ಕಥೆ ಇದೆ.

ಆಮೇಲೆ ಬೊಲೊನ್ಯದ ಸಂಗೀತ ಶಾಲೆ. ಅಲ್ಲಿ ಫೆದೆರೀಕೊ ಸಾರ್ತಿ ಹತ್ತಿರ ಪಿಟೀಲು, ಜುಸೆಪ್ಪೆ ಮಾರ್ತುಚ್ಚಿ ಹತ್ತಿರ ರಚನೆ. ಈ ಮಾರ್ತುಚ್ಚಿ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಇಟಲಿಯೆಲ್ಲ ಹಾಡಿನಲ್ಲೇ ನಾಟಕ ಆಡುವ ಒಪೆರಾ, ಒಪೆರಾ ಅಂತಿದ್ದ ಕಾಲದಲ್ಲಿ ಆರ್ಕೆಸ್ಟ್ರಾಕ್ಕೆ ಸಿಂಫನಿ ಎಂಬ ದೊಡ್ಡ ಕೃತಿಗಳನ್ನು ಬರೆಯುತ್ತ ಕೂತಿದ್ದ ಮನುಷ್ಯ ಅವರು.

ಇಟಲಿಯವರು ಸಂಗೀತ ಕಲಿಯೋಕೆ ರಷ್ಯಾಕ್ಕೆ ಯಾಕೆ ಹೋದ್ರು?

ಕಲಿಯಲು ಹೋದದ್ದಲ್ಲ, ಕೆಲಸಕ್ಕೆ ಹೋದದ್ದು. 1900ರ ಚಳಿಗಾಲದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸಾಮ್ರಾಜ್ಯ ರಂಗಮಂದಿರದಲ್ಲಿ ಇಟಾಲಿಯನ್ ಒಪೆರಾ ನಡೆಯುತ್ತಿತ್ತು. ಅದಕ್ಕೆ ವಿಯೋಲಾ ನುಡಿಸುವವರು ಬೇಕಿತ್ತು. ಇಪ್ಪತ್ತೊಂದರ ಹುಡುಗ ಗಂಟುಮೂಟೆ ಕಟ್ಟಿದ. ಅಲ್ಲಿದ್ದಾಗ ರಷ್ಯಾದ ರಚನೆಕಾರ ರಿಮ್ಸ್ಕಿ-ಕೊರ್ಸಕೊವ್ ಹತ್ತಿರ ಐದು ತಿಂಗಳು ಪಾಠವಾಯಿತು. ಕಡಿಮೆ ಅವಧಿ. ಆದರೆ ವಾದ್ಯಗಳ ಬಣ್ಣ ಬೆರೆಸುವುದರಲ್ಲಿ ಆ ಕಾಲಕ್ಕೆ ಅವರಿಗಿಂತ ದೊಡ್ಡ ಗುರು ಇರಲಿಲ್ಲ.

ಎಲ್ಲರೂ ರಿಮ್ಸ್ಕಿಯನ್ನೇ ಎತ್ತಿ ಹಿಡಿಯುತ್ತಾರೆ. ನನಗೇನೋ ಅದರಷ್ಟೇ ದೊಡ್ಡ ಪಾಠ ಆ ವಿಯೋಲಾ ಕುರ್ಚಿಯಲ್ಲಿ ಸಿಕ್ಕಿತು ಅನ್ನಿಸುತ್ತದೆ. ವಿಯೋಲಾ ಅಂದರೆ ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು. ಒಪೆರಾದಲ್ಲಿ ಅದಕ್ಕೆ ಮುಖ್ಯ ರಾಗ ಸಿಗುವುದೇ ಅಪರೂಪ. ಮೇಲೆ ಪಿಟೀಲು, ಕೆಳಗೆ ಚೆಲ್ಲೊ, ಬೆನ್ನ ಹಿಂದೆ ಕೊಳಲು, ತುತ್ತೂರಿ. ನಟ್ಟನಡುವೆ ಕೂತು ರಾತ್ರಿಯೆಲ್ಲ ಬೇರೆಯವರ ರಾಗಕ್ಕೆ ಹೊಂದಿಸುತ್ತ ಹೋಗಬೇಕು. ಯಾವ ವಾದ್ಯ ಯಾವುದನ್ನು ನುಂಗುತ್ತದೆ, ಯಾವುದು ಯಾವುದರ ಜೊತೆ ಬೆರೆತರೆ ಹೊಸ ದನಿ ಬರುತ್ತದೆ ಅಂತ ಕಿವಿ ತಾನಾಗಿ ಕಲಿಯುತ್ತದೆ. 1902-03ರಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋಗಿ ಅದೇ ಕೆಲಸ ಮಾಡಿದರು.

ಜರ್ಮನಿಯಲ್ಲಿ ಮ್ಯಾಕ್ಸ್ ಬ್ರುಖ್ ಶಿಷ್ಯರಾಗಿದ್ರು ಅಂತ ಓದಿದ್ದೆ, ಹೌದಾ?

ಆ ಜರ್ಮನ್ ರಚನೆಕಾರರ ಶಿಷ್ಯ ಅಂತ ತುಂಬ ಕಡೆ ಬರೆದಿದೆ. ಅವರ ಹೆಂಡತಿ ಅದು ಸುಳ್ಳು ಅಂದಿದ್ದಾರೆ. 1908-09ರಲ್ಲಿ ಬರ್ಲಿನ್‌ನಲ್ಲಿ ಇದ್ದದ್ದು ಮಾತ್ರ ನಿಜ. ಎಟೆಲ್ಕಾ ಗೆರ್ಸ್ಟರ್ ಎಂಬ ಗಾಯಕಿಯ ಶಾಲೆಯಲ್ಲಿ ಹಾಡುವವರಿಗೆ ಪಿಯಾನೊ ಸಾಥ್ ಕೊಡುತ್ತಿದ್ದರು.

ಹೊಟ್ಟೆಪಾಡಿಗೆ ಏನು ಮಾಡ್ತಿದ್ರು? ರಚನೆಯಿಂದಲೇ ದುಡ್ಡು ಬರ್ತಿತ್ತಾ?

ಬಹಳ ಕಾಲ ಬರಲಿಲ್ಲ. ವಾದ್ಯ ನುಡಿಸಿಯೇ ಬದುಕಿದರು. 1913ರಲ್ಲಿ ರೋಮ್‌ನ ಸಾಂತಾ ಚೆಚೀಲಿಯಾ ಸಂಗೀತ ಶಾಲೆಯಲ್ಲಿ ರಚನೆಯ ಪ್ರಾಧ್ಯಾಪಕರಾದ ಮೇಲೆ ಬದುಕು ಒಂದು ಹಳಿಗೆ ಬಂತು. 1924ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ಎರಡೇ ವರ್ಷಕ್ಕೆ ರಾಜೀನಾಮೆ ಕೊಟ್ಟರು. ಫೈಲು ನೋಡುತ್ತ ಕೂತರೆ ಬರೆಯುವುದು ಯಾವಾಗ? ಅಷ್ಟರಲ್ಲಿ ಕೃತಿಗಳಿಂದಲೇ ಚೆನ್ನಾಗಿ ಹಣ ಬರುತ್ತಿತ್ತು, ಧೈರ್ಯವೂ ಇತ್ತು.

ಹೆಂಡತಿ ಅವರ ಶಿಷ್ಯೆಯೇ ಆಗಿದ್ದರಂತೆ?

ಹೌದು. ಎಲ್ಸಾ ಒಲಿವಿಯೇರಿ-ಸಾಂಜಾಕೊಮೊ. ರೆಸ್ಪೀಗಿಗಿಂತ ಹದಿನೈದು ವರ್ಷ ಚಿಕ್ಕವರು, ಅವರ ತರಗತಿಯಲ್ಲೇ ರಚನೆ ಕಲಿಯುತ್ತಿದ್ದರು. 1919ರ ಜನವರಿಯಲ್ಲಿ ಮದುವೆಯಾಯಿತು.

ಗುರು ಶಿಷ್ಯೆಗೆ ಕಲಿಸಿದ್ದು ಒಂದು ಕಡೆ ಇರಲಿ. ಶಿಷ್ಯೆ ಗುರುವಿಗೆ ಕಲಿಸಿದ್ದು ಇನ್ನೂ ಮುಖ್ಯ. ಚರ್ಚುಗಳಲ್ಲಿ ಸಾವಿರ ವರ್ಷದಿಂದ ಹಾಡಿಕೊಂಡು ಬಂದ ಗ್ರೆಗೋರಿಯನ್ ಪಠಣವನ್ನು ಎಲ್ಸಾ ಓದಿಕೊಂಡಿದ್ದರು. ಅದನ್ನು ದಿನಾ ಗಂಡನಿಗೆ ಹಾಡಿ ತೋರಿಸಿದರು. 1920ರ ದಶಕದ ಅವರ ಕೃತಿಗಳಲ್ಲೆಲ್ಲ ಆ ವಾಸನೆ ಇದೆ. ‘ಪೈನ್ ಮರಗಳು’ ಶುರುವಾಗುವಾಗ ಬರುವ ಮಕ್ಕಳ ಆಟದ ಹಾಡುಗಳೂ ಎಲ್ಸಾ ಚಿಕ್ಕವರಿದ್ದಾಗ ವಿಲ್ಲಾ ಬೊರ್ಗೇಸೆ ತೋಟದಲ್ಲಿ ಆಡುತ್ತ ಹಾಡಿದ್ದವು.

ಮದುವೆಯ ನಂತರ ಎಲ್ಸಾ ತಮ್ಮ ರಚನೆಯನ್ನು ಬಹುಮಟ್ಟಿಗೆ ಬದಿಗಿಟ್ಟರು. ಗಂಡ ಪಿಯಾನೊಕ್ಕೆ, ಇವರು ಹಾಡಿಗೆ ಅಂತ ಊರೂರು ತಿರುಗಿದರು. ಗಂಡ ಹೋದ ಮೇಲೆ ಅರ್ಧಕ್ಕೆ ನಿಂತಿದ್ದ ‘ಲುಕ್ರೇತ್ಸಿಯಾ’ ಒಪೆರಾವನ್ನು ಮುಗಿಸಿದರು. ಅದು 1937ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ರಂಗಕ್ಕೆ ಬಂತು. ಜೀವನಚರಿತ್ರೆಯನ್ನೂ ಬರೆದರು. ಅವರು ತೀರಿಕೊಂಡದ್ದು 1996ರಲ್ಲಿ, 102 ತುಂಬಲು ಒಂದೇ ವಾರ ಇತ್ತು. ಅರವತ್ತು ವರ್ಷ ಗಂಡನ ಸಂಗೀತವನ್ನು ಕಾಯ್ದ ಆ ಹೆಂಗಸು ತಮ್ಮದನ್ನು ಎಷ್ಟು ಬರೆಯಬಹುದಿತ್ತೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ರೆಸ್ಪೀಗಿ ಒಳ್ಳೆ ಕಂಡಕ್ಟರ್ ಆಗಿದ್ರಾ, ಅಥವಾ ಸುಮ್ನೆ ತಮ್ಮ ಕೃತಿ ಅಂತ ಕೋಲು ಹಿಡೀತಿದ್ರಾ?

ಇಟಲಿಯ ಹೆಸರಾಂತ ಕಂಡಕ್ಟರ್ ಟೊಸ್ಕನೀನಿ ಥರದವರಲ್ಲ. ರೆಸ್ಪೀಗಿ ಮುಖ್ಯವಾಗಿ ನಡೆಸಿದ್ದು ತಮ್ಮ ಕೃತಿಗಳನ್ನೇ. ಆದರೆ ಕರೆಯುವವರಿಗೆ ಕೊರತೆ ಇರಲಿಲ್ಲ. 1925ರ ಕೊನೆಯಲ್ಲಿ ಮೊದಲ ಅಮೆರಿಕ ಪ್ರವಾಸ. ಡಿಸೆಂಬರ್ 31ಕ್ಕೆ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ತಮ್ಮ ಪಿಯಾನೊ ಕನ್ಚೆರ್ಟೊ (ಒಂದು ವಾದ್ಯ ಮುಂದೆ, ಆರ್ಕೆಸ್ಟ್ರಾ ಅದರ ಜೊತೆಗೆ) ನುಡಿಸಿದರು. 1926ರ ಜನವರಿ 14ರಂದು ಅದೇ ನ್ಯೂಯಾರ್ಕಿನಲ್ಲಿ ಟೊಸ್ಕನೀನಿ ‘ಪೈನ್ ಮರಗಳು’ ನಡೆಸಿದರು. ಮಾರನೇ ದಿನವೇ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಮುಂದೆ ನಿಂತು ರೆಸ್ಪೀಗಿ ಅದೇ ಕೃತಿಯನ್ನು ನಡೆಸಿದರು. ಟೊಸ್ಕನೀನಿಯ ಮಾರನೇ ದಿನ! ಧೈರ್ಯ ಬೇಕು.

1928ರಲ್ಲಿ ರಿಯೊದಲ್ಲಿ ‘ಬ್ರೆಜಿಲಿನ ಅನಿಸಿಕೆಗಳು’ ಕೃತಿಯ ಮೊದಲ ಪ್ರದರ್ಶನವನ್ನೂ ತಾವೇ ನಡೆಸಿದರು. ಅದರ ನಡುವಿನ ಭಾಗ ಬುಟಾಂಟಾನ್ ಹಾವಿನ ಸಂಸ್ಥೆಯ ಮೇಲೆ. ಹಾವುಗಳ ನಡುವೆ ಸಾವಿನ ಪ್ರಾರ್ಥನೆಯ ಹಳೆಯ ಚರ್ಚಿನ ರಾಗ ತೂರಿ ಬರುತ್ತದೆ.

ಹೇಗೆ ತೀರಿಕೊಂಡರು? ವಯಸ್ಸೇನೂ ಜಾಸ್ತಿ ಆಗಿರಲಿಲ್ಲವಲ್ಲ.

ಐವತ್ತಾರು. ಹೃದಯದ ಒಳಪದರಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿತ್ತು. ಪೆನಿಸಿಲಿನ್ ರೋಗಿಗಳ ಕೈಗೆ ಸಿಗಲು ಇನ್ನೂ ಕೆಲವು ವರ್ಷ ಬಾಕಿ ಇದ್ದ ಕಾಲ. ಮೊದಲು ರೋಮ್‌ನಲ್ಲಿ ಮಣ್ಣು ಮಾಡಿದರು. ಮರುವರ್ಷ ಹುಟ್ಟೂರು ಬೊಲೊನ್ಯದ ಚೆರ್ತೋಜಾ ಸ್ಮಶಾನಕ್ಕೆ ತಂದರು.

## ಕೃತಿಗಳು

ರೋಮ್ ಮೇಲೆ ಮೂರು ಕೃತಿ ಅಂತಾರಲ್ಲ, ಒಂದೊಂದರಲ್ಲಿ ಏನಿದೆ?

‘ರೋಮಿನ ಕಾರಂಜಿಗಳು’ (1916), ‘ರೋಮಿನ ಪೈನ್ ಮರಗಳು’ (1924), ‘ರೋಮಿನ ಹಬ್ಬಗಳು’ (1928). ಒಂದೊಂದರಲ್ಲೂ ನಾಲ್ಕು ಭಾಗ, ಮಧ್ಯೆ ನಿಲುಗಡೆ ಇಲ್ಲ.

ಕಾರಂಜಿಗಳಲ್ಲಿ ಒಂದು ಇಡೀ ದಿನ ಸರಿಯುತ್ತದೆ. ನಸುಕಿನಲ್ಲಿ ವಾಲೆ ಜೂಲಿಯಾ, ಮಂಜಿನಲ್ಲಿ ದನಗಳು ಹಾದುಹೋಗುವಾಗ. ಬೆಳಿಗ್ಗೆ ಟ್ರಿಟನ್. ಮಧ್ಯಾಹ್ನ ಟ್ರೆವಿ. ಸಂಜೆ ವಿಲ್ಲಾ ಮೆದಿಚಿ, ದೂರದಲ್ಲಿ ಗಂಟೆ, ಗೂಡಿಗೆ ಮರಳುವ ಹಕ್ಕಿಗಳು. ಪೈನ್ ಮರಗಳಲ್ಲಿ ಮಕ್ಕಳ ಗಲಾಟೆಯಿಂದ ಸಮಾಧಿಗುಹೆಗೆ, ಅಲ್ಲಿಂದ ಬೆಳದಿಂಗಳ ಗುಡ್ಡಕ್ಕೆ, ಕೊನೆಗೆ ರೋಮನ್ ಸೈನ್ಯ ನಡೆದ ಅಪ್ಪಿಯಾ ಹಾದಿಗೆ. ಹಬ್ಬಗಳು ಸಿಂಹದ ಬಾಯಿಗೆ ಸಿಕ್ಕ ಕ್ರೈಸ್ತರಿಂದ ಶುರುವಾಗಿ ನವೋನಾ ಚೌಕದ ಜಾತ್ರೆಯಲ್ಲಿ ಮುಗಿಯುತ್ತವೆ. ಅಲ್ಲಿ ಟ್ರೊಂಬೋನ್ ಕುಡುಕನಂತೆ ತೂರಾಡುತ್ತದೆ. ಮೂರರಲ್ಲಿ ನನ್ನ ಆಯ್ಕೆ ಕಾರಂಜಿಗಳು. ಹಬ್ಬಗಳು ಜೀರ್ಣವಾಗಲು ಸಮಯ ಬೇಕು.

ಕಾರಂಜಿಗಳು ಮೊದಲ ಸಲ ಸೋತಿತಂತೆ? ಈಗ ಇಷ್ಟು ಹೆಸರಾಗಿದೆಯಲ್ಲ!

ಮೊದಲು ಅದನ್ನು ಟೊಸ್ಕನೀನಿ 1916ರಲ್ಲೇ ನಡೆಸಬೇಕಿತ್ತು. ಯುದ್ಧದ ಸಮಯ. ಅದಕ್ಕಿಂತ ಮುಂಚಿನ ಕಛೇರಿಯಲ್ಲಿ ಅವರು ಜರ್ಮನ್ ರಚನೆಕಾರ ವಾಗ್ನರ್‌ನ ಸಂಗೀತ ನುಡಿಸಿದರು. ಸಭಿಕರು ಕೂಗಾಡಿದರು. ಟೊಸ್ಕನೀನಿ ಎದ್ದು ಹೋದರು, ಉಳಿದ ಕಛೇರಿಗಳೂ ಹೋದವು. ಕಡೆಗೆ 1917ರ ಮಾರ್ಚ್ 11ರಂದು ಅಂತೋನಿಯೊ ಗ್ವಾರ್ನಿಯೇರಿ ನಡೆಸಿದರು. ಚಪ್ಪಾಳೆ ತಣ್ಣಗಿತ್ತು. ರೆಸ್ಪೀಗಿ ಅದನ್ನು ಕಪಾಟಿಗೆ ಸೇರಿಸಿದರು. ಮರುವರ್ಷ ಟೊಸ್ಕನೀನಿ ಕೇಳಿ ತರಿಸಿಕೊಂಡು ಮಿಲಾನಿನಲ್ಲಿ ನುಡಿಸಿದಾಗ ಅದೇ ಕೃತಿ ಗೆದ್ದಿತು.

ಆ ಮೊದಲ ಪ್ರದರ್ಶನ ನಡೆದ ಅಗುಸ್ತೇವೊ ಸಭಾಂಗಣದ ಬಗ್ಗೆ ಒಂದು ಮಾತು. ಅದು ಕಟ್ಟಿದ್ದು ಚಕ್ರವರ್ತಿ ಅಗಸ್ಟಸ್‌ನ ಸಮಾಧಿಯ ಮೇಲೆ! ಸಮಾಧಿಯನ್ನು ಹೊರತೆಗೆಯಬೇಕು ಅಂತ ಮುಸೊಲಿನಿ ಸರಕಾರ ಸಭಾಂಗಣವನ್ನು ಕೆಡವಿತು. ಅಲ್ಲಿನ ಕೊನೆಯ ಕಛೇರಿ 1936ರ ಮೇ ತಿಂಗಳಲ್ಲಿ, ರೆಸ್ಪೀಗಿ ಹೋದ ಕೆಲವೇ ವಾರಕ್ಕೆ.

ಕಛೇರಿ ಮಧ್ಯೆ ಗ್ರಾಮಫೋನ್ ಹಾಕಿಸಿದ್ರಂತೆ, ಇದೇನು ತಮಾಷೆ?

ತಮಾಷೆ ಅಲ್ಲ, ಸ್ವರಲಿಪಿಯಲ್ಲೇ ಅಚ್ಚಾಗಿದೆ. ‘ಪೈನ್ ಮರಗಳು’ ಕೃತಿಯ ಮೂರನೇ ಭಾಗ ಜಾನಿಕೊಲೊ ಗುಡ್ಡದ ಮೇಲೆ. ಹುಣ್ಣಿಮೆ ರಾತ್ರಿ. ಕ್ಲಾರಿನೆಟ್ ಒಂದೇ ನಿಧಾನಕ್ಕೆ ಹಾಡುತ್ತದೆ. ಕೊನೆಗೆ ಪಿಟೀಲುಗಳು ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ನಡುಗುತ್ತಿರುವಾಗ ನಿಜವಾದ ನೈಟಿಂಗೇಲ್ ಹಕ್ಕಿ ಹಾಡುತ್ತದೆ. ಗ್ರಾಮಫೋನ್ ತಟ್ಟೆಯಲ್ಲಿ ಹಿಡಿದಿಟ್ಟ ಹಾಡು. ಯಾವ ತಟ್ಟೆ ಹಾಕಬೇಕು ಅನ್ನುವ ಸಂಖ್ಯೆಯೂ ಅಲ್ಲೇ ಇದೆ: ಆರ್ 6105.

ಇಸವಿ ನೋಡಿ, 1924. ಮೈಕಿನ ಮೂಲಕ ಧ್ವನಿಮುದ್ರಣ ಮಾರುಕಟ್ಟೆಗೆ ಬಂದದ್ದೇ 1925ರಲ್ಲಿ. ಅಂದರೆ ಆ ತಟ್ಟೆ ದೊಡ್ಡ ಕೊಳವೆಯ ಮುಂದೆ ಹಕ್ಕಿ ಹಾಡಿಸಿ ಮಾಡಿಕೊಂಡದ್ದು. ಸಾವಿರಾರು ಜನ ಕೂತ ಸಭೆಯಲ್ಲಿ ಒಬ್ಬರು ಸೂಜಿ ಇಳಿಸಬೇಕು, ಸರಿಯಾದ ಗಳಿಗೆಗೆ. ನಗೆಪಾಟಲಾಗುವ ಸಾಧ್ಯತೆಯೇ ಜಾಸ್ತಿ.

ಕೊಳಲಲ್ಲಿ ಹಕ್ಕಿ ಕೂಗಿಸಬಹುದಿತ್ತಲ್ಲ? ಯಾವ ವಾದ್ಯ ಕೂಡಿಸಿದರೂ ನಕಲಿಯೇ ಆಗುತ್ತದೆ, ಅದಕ್ಕೇ ಗ್ರಾಮಫೋನ್ ಅನ್ನುವುದು ರೆಸ್ಪೀಗಿಯ ಉತ್ತರ. ಹೀಗೆ ಹೇಳುತ್ತಿರುವವರು ವಾದ್ಯಗಳನ್ನು ಅರೆದು ಕುಡಿದವರು ಅನ್ನುವುದು ನೆನಪಿರಲಿ. ವಾದ್ಯಕ್ಕೆ ಏನು ಆಗುವುದಿಲ್ಲ ಅಂತಲೂ ಅವರಿಗೆ ಗೊತ್ತಿತ್ತು. ನಾಲ್ಕು ವರ್ಷ ಬಿಟ್ಟು ‘ಪಕ್ಷಿಗಳು’ ಬರೆದಾಗ ಗ್ರಾಮಫೋನ್ ಇಲ್ಲ, ಎಲ್ಲ ಹಕ್ಕಿಯೂ ವಾದ್ಯದ್ದೇ. ಅಲ್ಲಿ ಬೇಕಾಗಿದ್ದದ್ದು ಹಕ್ಕಿಯ ಚಿತ್ರ, ಇಲ್ಲಿ ಬೇಕಾಗಿದ್ದದ್ದು ಹಕ್ಕಿ.

ಅಪ್ಪಿಯಾ ಹಾದಿ ಭಾಗ ನನ್ನ ಫೋನಲ್ಲಿ ಶುರುನಲ್ಲಿ ಏನೂ ಕೇಳಿಸಲ್ಲ. ಫೈಲ್ ಹಾಳಾಗಿದೆಯಾ?

ಫೈಲ್ ಸರಿಯಾಗಿದೆ. ನನಗೂ ಮೊದಲ ಸಲ ಇದೇ ಆಯಿತು. ಬಸ್ಸಿನಲ್ಲಿ ಕೂತು ಹಾಕಿದೆ. ಏನೂ ಕೇಳಿಸದು ಅಂತ ವಾಲ್ಯೂಮ್ ಪೂರ್ತಿ ಏರಿಸಿ ಕಿಟಕಿ ಆಚೆ ನೋಡುತ್ತ ಕೂತೆ. ನಾಲ್ಕನೇ ನಿಮಿಷಕ್ಕೆ ಇಯರ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡೆ. ಪಕ್ಕದವರಿಗೂ ತುತ್ತೂರಿ ಕೇಳಿಸುತ್ತಿತ್ತು.

ಅಲ್ಲಿ ಆಗುವುದು ಇಷ್ಟು. ಮಂಜು ಕವಿದ ಬೆಳಗಿನ ಜಾವ, ದೂರದಲ್ಲಿ ಸೈನ್ಯ. ಅತಿ ತಗ್ಗಿನ ತಂತಿವಾದ್ಯಗಳು, ಡ್ರಮ್ಮು, ಪಿಯಾನೊದ ಎಡತುದಿ, ಆರ್ಗನ್‌ನ ಕಾಲುಮಣೆ, ಎಲ್ಲ ಸೇರಿ ಹೆಜ್ಜೆ ಹಾಕುತ್ತವೆ. ಇಷ್ಟು ತಗ್ಗು ಸ್ವರ ಫೋನಿನ ಚಿಕ್ಕ ಸ್ಪೀಕರಿಗೆ ಬರುವುದಿಲ್ಲ. ಆ ಹೆಜ್ಜೆಯ ವೇಗ ಕೊನೆಯವರೆಗೂ ಬದಲಾಗುವುದಿಲ್ಲ, ಜೋರು ಮಾತ್ರ ಏರುತ್ತ ಹೋಗುತ್ತದೆ. ಮಧ್ಯೆ ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯ ಒಂದು ಅಂಕುಡೊಂಕು ರಾಗ ಹಾಡುತ್ತದೆ. ಆಮೇಲೆ ಆರು ‘ಬುಚ್ಚೀನೆ’, ಅಂದರೆ ರೋಮನ್ ಸೈನ್ಯದ ಕಹಳೆಗಳು. ಈಗ ಆ ಕಹಳೆ ಎಲ್ಲಿ ಸಿಗಬೇಕು? ತುತ್ತೂರಿಯ ಜಾತಿಯ ಬೇರೆ ವಾದ್ಯಗಳಲ್ಲಿ ನುಡಿಸುತ್ತಾರೆ. ಎಷ್ಟೋ ಕಡೆ ಅವರನ್ನು ಬಾಲ್ಕನಿಯಲ್ಲಿ, ಸಭಿಕರ ಹಿಂದೆ ನಿಲ್ಲಿಸುತ್ತಾರೆ. ಸೈನ್ಯ ನಿಮ್ಮನ್ನೇ ಸುತ್ತಿಕೊಂಡ ಹಾಗಾಗುತ್ತದೆ. ಒಳ್ಳೆಯ ಸ್ಪೀಕರಿನಲ್ಲಿ, ಅಕ್ಕಪಕ್ಕದವರು ಊರಿಗೆ ಹೋದಾಗ ಕೇಳಿ.

ಇಟಲಿ ಅಂದ್ರೆ ಒಪೆರಾ ಅಲ್ವಾ? ಇವರು ಬರೀಲಿಲ್ವಾ?

ಬರೆದರು, ಒಂದೆರಡಲ್ಲ. ‘ಮುಳುಗಿದ ಗಂಟೆ’ 1927ರಲ್ಲಿ ಹ್ಯಾಂಬರ್ಗಿನಲ್ಲಿ, ‘ಜ್ವಾಲೆ’ 1934ರಲ್ಲಿ ರೋಮ್‌ನಲ್ಲಿ ಬಂದವು. ‘ಮಲಗಿದ ಸುಂದರಿ’ ಕಥೆಯನ್ನು 1922ರಲ್ಲಿ ಗೊಂಬೆಯಾಟಕ್ಕೆ ಒಪೆರಾ ಮಾಡಿದರು. ‘ಮಾರೀ ವಿಕ್ತ್ವಾರ್’ ಅನ್ನುವುದಂತೂ ಬರೆದು ತೊಂಬತ್ತು ವರ್ಷ ಕಳೆದು 2004ರಲ್ಲಿ ಮೊದಲು ರಂಗ ಕಂಡಿತು. ಆದರೆ ಒಪೆರಾಕ್ಕೇ ಹೆಸರಾದ ಪುಚ್ಚೀನಿಯ ಹಾಗೆ ಹಾಡಿನಲ್ಲಿ ಎದೆ ಹಿಂಡುವುದು ಇವರಿಗೆ ಒಲಿಯಲಿಲ್ಲ.

ಹಳೇ ಸಂಗೀತವನ್ನೇ ತಗೊಂಡು ಮತ್ತೆ ಬರೆದಿದ್ದಾರಲ್ಲ, ಅದು ಕದ್ದ ಹಾಗಲ್ವಾ?

ಮೂಲ ಯಾರದ್ದು ಅಂತ ಬಚ್ಚಿಟ್ಟಿದ್ದರೆ ಕಳ್ಳತನ. ಇಲ್ಲಿ ಹೆಸರೇ ‘ಪ್ರಾಚೀನ ರಾಗಗಳು ಮತ್ತು ಕುಣಿತಗಳು’. 16, 17ನೇ ಶತಮಾನದಲ್ಲಿ ಲ್ಯೂಟ್ ಎಂಬ ತಂತಿವಾದ್ಯಕ್ಕೆ ಬರೆದ ರಚನೆಗಳನ್ನು ಆರ್ಕೆಸ್ಟ್ರಾಕ್ಕೆ ಹೊಂದಿಸಿ ಮೂರು ಗುಚ್ಛ ಮಾಡಿದರು. ಮೊದಲ ಗುಚ್ಛದಲ್ಲಿ ವಿಂಚೆನ್ಸೊ ಗೆಲಿಲಿ ಅನ್ನುವವರ ಒಂದು ಕುಣಿತ ಇದೆ. ಅವರ ಮಗನನ್ನು ನೀವು ವಿಜ್ಞಾನದ ಪುಸ್ತಕದಲ್ಲಿ ಓದಿದ್ದೀರ, ಗೆಲಿಲಿಯೊ. ‘ಪಕ್ಷಿಗಳು’ ಕೃತಿಯ ಕೋಳಿಯೂ ಫ್ರಾನ್ಸಿನ ಹಳೆಯ ರಚನೆಕಾರ ರಾಮೊ ಸಾಕಿದ್ದು. 1919ರಲ್ಲಿ ಲಂಡನ್ನಿನಲ್ಲಿ ದ್ಯಾಗಿಲೆವ್ ಅವರ ನೃತ್ಯ ತಂಡ ಕುಣಿದ ‘ಮಾಯದ ಅಂಗಡಿ’ ಬ್ಯಾಲೆಗೆ ಇಟಲಿಯ ಒಪೆರಾ ರಚನೆಕಾರ ರೊಸ್ಸೀನಿಯ ಮುದಿವಯಸ್ಸಿನ ಪಿಯಾನೊ ತುಣುಕುಗಳನ್ನು ಬಳಸಿದರು.

ನಮ್ಮಲ್ಲಿ ದಾಸರ ಪದಗಳಿಗೆ ಆಮೇಲಿನವರು ಹೊಸ ಮಟ್ಟು ಹಾಕಿದ್ದನ್ನು ಯಾರೂ ಕಳವು ಅನ್ನುವುದಿಲ್ಲ. ಇಲ್ಲಿ ತಿರುವುಮುರುವು ಅಷ್ಟೇ. ಮಟ್ಟು ಹಳೆಯದು, ಉಡುಪು ಹೊಸದು.

## ಇನ್ನಷ್ಟು ಒಳಗೆ

ಕೆಲವು ಕಡೆ ನಮ್ಮ ರಾಗದ ಹಾಗೇ ಕೇಳಿಸುತ್ತೆ. ನನ್ನ ಭ್ರಮೆನಾ?

ಪೂರ್ತಿ ಭ್ರಮೆ ಅಲ್ಲ. ಯುರೋಪಿನ ಮಾಮೂಲಿ ಸಂಗೀತ ಮೇಜರ್, ಮೈನರ್ ಎಂಬ ಎರಡು ಸ್ವರಶ್ರೇಣಿಗಳ ಸುತ್ತ ತಿರುಗುತ್ತದೆ. ಚರ್ಚಿನ ಹಳೆಯ ಪಠಣದಲ್ಲಿ ಬೇರೆ ಶ್ರೇಣಿಗಳಿದ್ದವು, ರೆಸ್ಪೀಗಿ ಅವನ್ನು ಬೇಕೆಂದೇ ತಂದರು. ಅವರ ಪಿಯಾನೊ ಕನ್ಚೆರ್ಟೊದ ಹೆಸರೇ ‘ಮಿಕ್ಸೊಲಿಡಿಯನ್ ಶ್ರೇಣಿಯಲ್ಲಿ’. ಅದರ ಸ್ವರಗಳು ನಮ್ಮ ಹರಿಕಾಂಭೋಜಿಯವು: ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಡೋರಿಯನ್ ಅನ್ನುವುದಕ್ಕೆ ಖರಹರಪ್ರಿಯದ ಸ್ವರಗಳು.

ಹಾಗಂತ ಅದು ರಾಗ ಅಲ್ಲ. ಗಮಕ ಇಲ್ಲ, ಒಂದು ಸ್ವರದಲ್ಲಿ ನಿಂತು ಬೆಳೆಸುವ ಕ್ರಮ ಇಲ್ಲ. ಕೆಳಗಡೆ ಬೇರೆ ಸ್ವರಗಳು ಒಟ್ಟಿಗೆ ನುಡಿಯುತ್ತಲೇ ಇರುತ್ತವೆ. ಸ್ವರ ಒಂದೇ, ಸಂಸಾರ ಬೇರೆ.

ಹೆಸರು ಮೊದಲಾ, ಸಂಗೀತ ಮೊದಲಾ? ಕಾರಂಜಿ ಅಂತ ಹೇಳದಿದ್ರೆ ನಮಗೆ ಕಾರಂಜಿ ಕೇಳಿಸ್ತಿತ್ತಾ?

ಒಳ್ಳೆ ಪ್ರಶ್ನೆ. ‘ಚರ್ಚಿನ ಕಿಟಕಿಗಳು’ ಅನ್ನುವ ಕೃತಿ ಇದಕ್ಕೆ ಸಾಕ್ಷಿ. ಕೇಳುವಾಗ ಬಣ್ಣದ ಗಾಜಿನ ಮೇಲೆ ಸಂತರ ಚಿತ್ರ ಕಂಡ ಹಾಗೆ ಆಗುತ್ತದೆ. ನಿಜ ಸಂಗತಿ ಏನೆಂದರೆ, ನಾಲ್ಕರಲ್ಲಿ ಮೂರು ಭಾಗ ಮೊದಲೇ ಪಿಯಾನೊಕ್ಕೆ ಬರೆದದ್ದು, ಗ್ರೆಗೋರಿಯನ್ ರಾಗಗಳ ಮೇಲೆ. ಆರ್ಕೆಸ್ಟ್ರಾಕ್ಕೆ ಏರಿಸಿದ ಮೇಲೆ ಗೆಳೆಯ ಕ್ಲೌದಿಯೊ ಗ್ವಾಸ್ತಲ್ಲಾ ಜೊತೆ ಕೂತು ಹೆಸರು ಹುಡುಕಿದರು. ಕಿಟಕಿ ಆಮೇಲೆ ಬಂತು. ಕಾರಂಜಿಗಳ ವಿಷಯದಲ್ಲಿ ಹಾಗಲ್ಲ. ಅಲ್ಲಿ ಜಾಗ, ಹೊತ್ತು ಎರಡನ್ನೂ ಸ್ವರಲಿಪಿಯಲ್ಲೇ ಬರೆದಿದ್ದಾರೆ.

ಮುಸೊಲಿನಿಗೆ ಇವರ ಸಂಗೀತ ಇಷ್ಟವಂತೆ. ಫ್ಯಾಸಿಸ್ಟ್ ಆಗಿದ್ರಾ?

ಈ ಪ್ರಶ್ನೆಗೆ ಹೌದು, ಅಲ್ಲ ಅಂತ ಒಂದು ಮಾತಿನಲ್ಲಿ ಮುಗಿಸಲು ಆಗುವುದಿಲ್ಲ. ಮುಸೊಲಿನಿಗೆ ಇಷ್ಟವಾಗಿತ್ತು, ನಿಜ. ಪ್ರಾಚೀನ ರೋಮಿನ ವೈಭವ ಅಂದರೆ ಆ ಆಡಳಿತಕ್ಕೆ ಹಬ್ಬ. ಸೈನ್ಯ ಮೆರವಣಿಗೆ ಬರುವ ಅಪ್ಪಿಯಾ ಹಾದಿ ಕೇಳಿದರೆ ಅವರಿಗೆ ಖುಷಿಯಾಗದೆ ಇರುತ್ತದೆಯೇ? ಆದರೆ ಕಾರಂಜಿಗಳು ಬರೆದದ್ದು 1916ರಲ್ಲಿ, ಮುಸೊಲಿನಿ ಅಧಿಕಾರಕ್ಕೆ ಬರುವ ಆರು ವರ್ಷ ಮೊದಲು.

ಇನ್ನೊಂದು ಕಡೆ, 1932ರಲ್ಲಿ ಸರಕಾರದ ಇಟಲಿ ಅಕಾಡೆಮಿಯ ಸದಸ್ಯತ್ವ ಕೊಟ್ಟಾಗ ರೆಸ್ಪೀಗಿ ತೆಗೆದುಕೊಂಡರು. ಪ್ರತಿಭಟಿಸಿದವರಲ್ಲ.

1931ರ ಮೇ 14ರ ಒಂದು ಘಟನೆ ಹೇಳಬೇಕು. ಬೊಲೊನ್ಯದಲ್ಲಿ ಮಾರ್ತುಚ್ಚಿಯ ನೆನಪಿನ ಕಛೇರಿ, ರೆಸ್ಪೀಗಿಯ ಗುರುವಿನದ್ದೇ. ನಡೆಸಬೇಕಾದವರು ಟೊಸ್ಕನೀನಿ. ಮಂತ್ರಿಗಳು ಬರುತ್ತಾರೆ, ಫ್ಯಾಸಿಸ್ಟ್ ಗೀತೆ ನುಡಿಸಿ ಅಂದರು. ಆಗುವುದಿಲ್ಲ ಅಂದರು ಟೊಸ್ಕನೀನಿ. ಸಭಾಂಗಣದ ಬಾಗಿಲಲ್ಲೇ ಗೂಂಡಾಗಳು ಅವರ ಕೆನ್ನೆಗೆ ಹೊಡೆದರು. ರಾತ್ರಿ ಹೋಟೆಲ್ ಮುಂದೆ ಗುಂಪು ಸೇರಿ ಕೂಗಾಡಿತು. ಬೆಳಗಾಗುವುದರೊಳಗೆ ಊರು ಬಿಡಬೇಕು ಅನ್ನುವ ಪಕ್ಷದವರ ಮಾತನ್ನು ಒಳಗೆ ಮುಟ್ಟಿಸಿದವರು ರೆಸ್ಪೀಗಿ. ಗೆಳೆಯನ ಜೀವ ಉಳಿಯಲಿ ಅಂತ ಹೋದರು ಅನ್ನಬಹುದು. ಹೊಡೆದವರಿಗೆ ಎದುರು ಮಾತಾಡಲಿಲ್ಲ ಅಂತಲೂ ಅನ್ನಬಹುದು. ಎರಡೂ ಸರಿಯೇ. ಟೊಸ್ಕನೀನಿ ಇಟಲಿಯ ಕಛೇರಿಗಳಿಗೆ ಬೆನ್ನು ತಿರುಗಿಸಿದರು. ಆದರೆ ರೆಸ್ಪೀಗಿಯ ಸಂಗೀತಕ್ಕೆ ತಿರುಗಿಸಲಿಲ್ಲ. ಎಂಬತ್ತು ದಾಟಿದ ಮೇಲೂ ಅಮೆರಿಕದಲ್ಲಿ ‘ಪೈನ್ ಮರಗಳು’ ಧ್ವನಿಮುದ್ರಿಸಿದರು.

ಹೊಸ ಸಂಗೀತದ ವಿರೋಧಿಯಾಗಿದ್ರಂತೆ, ಹೌದಾ?

1932ರ ಡಿಸೆಂಬರ್‌ನಲ್ಲಿ ಹತ್ತು ಸಂಗೀತಗಾರರು ಆಧುನಿಕ ಸಂಗೀತದ ಅತಿರೇಕಗಳ ವಿರುದ್ಧ ಪತ್ರಿಕೆಯಲ್ಲಿ ಒಂದು ಹೇಳಿಕೆ ಹಾಕಿಸಿದರು. ಅದರಲ್ಲಿ ರೆಸ್ಪೀಗಿ ಸಹಿ ಇದೆ. ಬಾಣ ಬಿಟ್ಟದ್ದು ತಮ್ಮದೇ ಓರಗೆಯ ರಚನೆಕಾರರಾದ ಕಸೆಲ್ಲಾ, ಮಲಿಪಿಯೇರೊ ಕಡೆಗೆ. ಸಹಿ ಹಾಕದಿದ್ದರೆ ಚೆನ್ನಾಗಿತ್ತು. ಯಾಕಂದರೆ ಕಛೇರಿಗೆ ಗ್ರಾಮಫೋನ್ ತಂದವರು, ಪೈನ್ ಮರಗಳ ಮೊದಲ ಭಾಗದ ಕೊನೆಯ ಕರ್ಕಶ ತುತ್ತೂರಿಗೆ ರೋಮ್‌ನ ಸಭಿಕರಿಂದ ಕೂಗು ತಿಂದವರು ಇವರೇ.

ರಖ್ಮಾನಿನೊವ್ ಗುಟ್ಟನ್ನು ಇವರಿಗೆ ಮಾತ್ರ ಹೇಳಿದ್ರು ಅಂತಾರಲ್ಲ, ಏನದು?

ರಷ್ಯಾದ ರಚನೆಕಾರ ರಖ್ಮಾನಿನೊವ್‌ನ ಐದು ಪಿಯಾನೊ ‘ಚಿತ್ರ’ಗಳನ್ನು ಆರ್ಕೆಸ್ಟ್ರಾಕ್ಕೆ ತರುವ ಕೆಲಸ 1930ರಲ್ಲಿ ರೆಸ್ಪೀಗಿಗೆ ಬಂತು. ಅವು ಯಾವುದರ ಚಿತ್ರ ಅಂತ ರಖ್ಮಾನಿನೊವ್ ಬಾಯಿ ಬಿಡುತ್ತಿರಲಿಲ್ಲ. ಇವರಿಗೆ ಮಾತ್ರ ಪತ್ರ ಬರೆದು ತಿಳಿಸಿದರು. ಒಂದು ಸಮುದ್ರ ಮತ್ತು ಕಡಲಹಕ್ಕಿಗಳು, ಒಂದು ಜಾತ್ರೆ, ಒಂದು ಶವಯಾತ್ರೆ, ಒಂದು ಪೂರ್ವದೇಶದ ನಡಿಗೆ, ಇನ್ನೊಂದು ಕೆಂಪು ಟೋಪಿಯ ಹುಡುಗಿ ಮತ್ತು ತೋಳ. ವಾದ್ಯ ಹಂಚುವವರಿಗೆ ತೋಳ ಯಾವುದು ಅಂತ ಗೊತ್ತಿರಬೇಕಲ್ಲ.

ಯಾವ ರೆಕಾರ್ಡಿಂಗ್ ಕೇಳಲಿ? ನೂರಾರು ಇವೆ.

ಕಾರಂಜಿ, ಪೈನ್ ಎರಡಕ್ಕೂ ಕಂಡಕ್ಟರ್ ಫ್ರಿಟ್ಜ್ ರೈನರ್ ಷಿಕಾಗೊ ಸಿಂಫನಿ ಜೊತೆ 1959ರಲ್ಲಿ ಮಾಡಿದ್ದು. ಅಷ್ಟು ಹಳೆಯದಾದರೂ ದನಿ ಈಗಲೂ ಗಾಜಿನಷ್ಟು ತಿಳಿ. ಮೂರೂ ಒಟ್ಟಿಗೆ ಬೇಕಿದ್ದರೆ ರಿಕಾರ್ದೊ ಮೂತಿ, ಫಿಲಡೆಲ್ಫಿಯಾ. ಟೊಸ್ಕನೀನಿಯದ್ದು ಮೊನೊ, ಅಂದರೆ ಸ್ಟೀರಿಯೊ ಅಲ್ಲ. ಆದರೆ ಬರೆದವರನ್ನೇ ಬಲ್ಲ ಕೈ ಅದು. ಪ್ರಾಚೀನ ರಾಗಗಳಿಗೆ ಅಂತಾಲ್ ದೊರಾತಿ.

ಎಲ್ಲ ಸರಿ, ಆದರೆ ಬರೀ ಬಣ್ಣ, ಬರೀ ಗದ್ದಲ ಅಲ್ವಾ ಇದು? ಒಳಗೆ ಏನಾದರೂ ಇದೆಯಾ?

ಹಬ್ಬಗಳನ್ನು ಮಾತ್ರ ಕೇಳಿದವರು ಹೀಗೆ ಕೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆರ್ಕೆಸ್ಟ್ರಾದಿಂದ ಇದಕ್ಕಿಂತ ಹೆಚ್ಚು ಹಿಂಡಲು ಆಗದು ಅಂತ ಅದನ್ನು ಬರೆದ ಮೇಲೆ ರೆಸ್ಪೀಗಿಯೇ ಹೇಳಿದ್ದರು. ಆಮೇಲೆ ಸಣ್ಣ ಗುಂಪಿಗೆ ಬರೆಯುವ ಕಡೆ ವಾಲಿದರು.

1932ರ ‘ಪ್ರಾಚೀನ ರಾಗಗಳು’ ಮೂರನೇ ಗುಚ್ಛ ಹಾಕಿ ನೋಡಿ. ತುತ್ತೂರಿ ಇಲ್ಲ, ಡ್ರಮ್ಮು ಇಲ್ಲ, ಗಂಟೆ ಇಲ್ಲ. ಬರೀ ತಂತಿವಾದ್ಯ. ಅದರ ಎರಡನೇ ಭಾಗ ಬೆಸಾರ್ ಎಂಬ ಫ್ರೆಂಚ್ ಲ್ಯೂಟ್ ವಾದಕನ ಹಾಡುಗಳ ಮೇಲೆ ನಿಂತಿದೆ. ಪ್ರೀತಿಸಿ ಕೆಟ್ಟೆ ಅನ್ನುವ ಥರದ ಹಾಡು. ಪಿಟೀಲುಗಳು ಸುಮ್ಮನೆ ಕಾಯುತ್ತವೆ. ಮೊದಲು ದನಿ ಎತ್ತುವುದು ವಿಯೋಲಾ.